ಪುಟ ನೂರಾ ಹದಿನಾಲ್ಕು

ನಮ್ಮ ಮನೆತನದಲ್ಲಿ ಬೇಟೆಯವರಿಲ್ಲ.
ಅಪ್ಪ ಗಡಿಯಾರ ರಿಪೇರಿಯವ,
ಅವನು ಬಲ್ಲ ಹಲ್ಲುಗಳೆಲ್ಲ ಹಿತ್ತಾಳೆಯವು.
ನನಗೆ ಈ ಹುಚ್ಚು ಹಿಡಿದದ್ದು ಐವತ್ತೊಂದರಲ್ಲಿ,
ಐಡಾಹೋದ ಸ್ಯಾಮನ್ ಊರಲ್ಲಿ ಶಾಲೆಯ ಬಸ್ಸು ಓಡಿಸುತ್ತ,
ಒಂದು ಅಕ್ಟೋಬರಿನ ನಸುಕಲ್ಲಿ
ಬಸ್ಸಿನ ದೀಪಕ್ಕೆ ಅಡ್ಡಲಾಗಿ ಮೂವತ್ತು ಎಲ್ಕ್‌ಗಳು
ಬೇಲಿ ಹಾರಿದ್ದು ನೋಡಿ.
ಕೊನೆಯ ಮರಿ ತಂತಿಗೆ ಸಿಕ್ಕಿ, ಬಿಡಿಸಿಕೊಂಡು,
ನನ್ನತ್ತ ಒಮ್ಮೆ ನೋಡಿ ಹೋಯಿತು.

ಯಾರನ್ನು ಕೇಳುವುದು?
ಈ ಕಣಿವೆಯ ಗಂಡಸರು ಸಾಲ ಎಷ್ಟಿದೆ ಅಂತ ಹೇಳುತ್ತಾರೆ,
ಹೆಂಡತಿ ಯಾಕೆ ಬಿಟ್ಟಳು ಅಂತ ಹೇಳುತ್ತಾರೆ,
ಎಲ್ಕ್ ಎಲ್ಲಿ ಮಲಗುತ್ತದೆ ಅಂತ ಹೇಳುವುದಿಲ್ಲ.
ಪಕ್ಕದ ಮನೆಯ ಡೆಲ್ಮರ್ ಕ್ರೂಸನ್ ನಕ್ಕ:
"ಪುಸ್ತಕದ ಬದನೆಕಾಯಿ ಬೇಯಿಸಿ ತಿನ್ನು, ಥೀಡಾ."

ಲೈಬ್ರರಿಯ ಹಿಂದಿನ ಕಪಾಟು, ಬಾಯ್ಲರಿನ ಪಕ್ಕ.
ಏಳು ಪುಸ್ತಕ. ಒಂದರ ಬೆನ್ನು ಕಿತ್ತು ಟೇಪು ಸುತ್ತಿದ್ದಾರೆ,
ಅದರ ಅಂಚುಗಳಲ್ಲಿ ಯಾರದೋ ಪೆನ್ಸಿಲ್ಲು:
"ಸುಳ್ಳು." ನಾಲ್ಕು ಪುಟ ಬಿಟ್ಟು, "ಇದೂ ಸುಳ್ಳು."
ಅರವತ್ತನೆಯದರಲ್ಲಿ, "ನಿಜ. ಆದರೂ ನಡೆದು ನೋಡು."
ಬರೆದವನನ್ನು ಬಿಟ್ಟು
ಆ ಪೆನ್ಸಿಲ್ಲಿನ ಶಿಷ್ಯಳಾದೆ.

ಬೆಳಿಗ್ಗೆ ಗಾಳಿ ಇಳಿಜಾರಲ್ಲಿ ಇಳಿಯುತ್ತದೆ,
ಬಿಸಿಲು ತಾಕಿದ್ದೇ ಏರತೊಡಗುತ್ತದೆ, ನಡುವೆ ಒಂದರ್ಧ ಗಂಟೆ
ಯಾರ ಮಾತೂ ಕೇಳುವುದಿಲ್ಲ.
ಗಾಳಿ ಬಂದಾಗ ತೂರಿಕೋ ಅನ್ನುವುದು ಕಣದ ಮಾತು.
ಇಲ್ಲಿ, ಗಾಳಿ ತಿರುಗಿದರೆ ಕೂತುಕೋ.

ಅಡುಗೆ ಮೇಜಿನ ಮೇಲೆ ನಕ್ಷೆ.
ಗೆರೆಗಳು ಒತ್ತಾದಲ್ಲಿ ಕಡಿದು, ಸಡಿಲಾದಲ್ಲಿ
ಉತ್ತರಕ್ಕೆ ಮುಖ ಮಾಡಿದ ಸಣ್ಣ ಜಗಲಿ, ಅಲ್ಲಿ ನೆರಳು,
ಇದ್ದರೆ ಅಲ್ಲಿರಬೇಕು.
ನಕ್ಷೆ ಸುರುಳಿಯಾಗದಂತೆ ಆ ಜಾಗದ ಮೇಲೆ ಉಪ್ಪಿನ ಡಬ್ಬಿ.

ಖಾಲಿ ಬಸ್ಸು ಷೆಡ್ಡಿಗೆ ಮರಳುವಾಗ
ಅಂಗುಳಿಗೆ ರಬ್ಬರಿನ ಪೀಪಿ ಒತ್ತಿ
ಹೆಣ್ಣೆಲ್ಕಿನ ಕೂಗು ಕಲಿಯುತ್ತಿದ್ದೆ.
ಒಮ್ಮೆ ಹಿಂದಿನ ಸೀಟಿಂದ ನಿದ್ದೆಗಣ್ಣಿನ ಹುಡುಗನೊಬ್ಬ ಎದ್ದು
"ಯಾರಿಗೆ ಹೊಟ್ಟೆನೋವು?" ಅಂದ.

ನೂರಾ ಹದಿನಾಲ್ಕನೇ ಪುಟ, ಕೊಂದಾದ ಮೇಲಿನ ಕೆಲಸ.
ಐದು ಚಿತ್ರ, ಅಚ್ಚುಕಟ್ಟಾದ ಚುಕ್ಕಿಗೆರೆ.
ಪೆನ್ಸಿಲ್ಲು ಇಲ್ಲಿ ಏನೂ ಹೇಳಿಲ್ಲ.
ಕೆಳಗಿನ ಮೂಲೆಯಲ್ಲಿ ಕಂದು ಕಲೆ.
ಕಾಫಿ ಅಂದುಕೊಂಡೆ.

ಮೊದಲ ವರ್ಷ ಬರೀ ಹಿಕ್ಕೆ ಕಂಡೆ.
ಎರಡನೇ ವರ್ಷ ಓಡುವ ಬೆನ್ನು.
ಮೂರನೇ ವರ್ಷ, ಪರವಾನಗಿ ಚೀಟಿ ಕಿಸೆಯಲ್ಲಿ,
ಗಾಳಿ ಎದುರು ಕೆನ್ನೆಗೆ,
ಉಪ್ಪಿನ ಡಬ್ಬಿಯಿದ್ದ ಜಾಗದಲ್ಲಿ
ಹೆಣ್ಣೊಂದು ಎದ್ದು ಮೈ ಮುರಿಯಿತು,
ಮೊದಲು ಬೆನ್ನು, ಆಮೇಲೆ ಒಂದು ಹಿಂಗಾಲು,
ಅವಸರವಿಲ್ಲದೆ.
ಇದನ್ನು ಏಳು ಪುಸ್ತಕದಲ್ಲಿ ಒಂದೂ ಹೇಳಿರಲಿಲ್ಲ.
ಭುಜದ ಹಿಂದೆ, ಎದೆಯ ನಡುಮಟ್ಟಕ್ಕಿಂತ ತುಸು ಕೆಳಗೆ:
ಹೇಳಿದ್ದು ಅಷ್ಟು.
ಒತ್ತಿದೆ.
ಹತ್ತು ಹೆಜ್ಜೆ ಹೋಗಿ, ಏನೋ ಮರೆತು ಬಂದವರಂತೆ ನಿಂತು,
ಕೂತಿತು.

ಐದು ಚಿತ್ರಕ್ಕೆ ಐದು ಗಂಟೆ.
ಚಿತ್ರದ ಎಲ್ಕಿಗೆ ರೆಪ್ಪೆಗೂದಲಿರಲಿಲ್ಲ,
ಒಳಗಿಂದ ಆವಿ ಏಳುತ್ತಿರಲಿಲ್ಲ,
ತಣ್ಣಗಾದ ನನ್ನ ಕೈಗಳಿಗೆ ಆ ಬಿಸಿ
ಹಿತವಾದದ್ದನ್ನು ಯಾರ ಹತ್ತಿರ ಹೇಳಲಿ?
ಪುಟದ ಮೇಲೆ ಕಲ್ಲಿಟ್ಟಿದ್ದೆ. ಮುಂದಿನ ಪುಟಕ್ಕೆ ತಿರುವುವಾಗ
ನನ್ನ ಹೆಬ್ಬೆರಳು ಹೋಗಿ ಕೂತದ್ದು
ಹಳೆಯ ಕಲೆಯ ಪಕ್ಕದಲ್ಲೇ.
ಕಾಫಿಯಲ್ಲ.

ನಾಲ್ಕು ಸಲ ಹತ್ತಿ ಇಳಿದೆ, ಸಲಕ್ಕೊಂದು ಕಾಲು ಬೆನ್ನ ಮೇಲೆ.
ಮಂಡಿ ಇನ್ನೂ ನನ್ನ ಜೊತೆ ಮಾತು ಬಿಟ್ಟಿದೆ.
ಟ್ರಕ್ಕಿನೊಳಗೆ ಇಣುಕಿದ ಡೆಲ್ಮರ್, ದನಿ ತಗ್ಗಿಸಿ,
"ಎಲ್ಲಿ ಸಿಕ್ಕಿತು?"
"ಲೈಬ್ರರಿಯಲ್ಲಿ," ಅಂದೆ.

ಸೋಮವಾರ ಪುಸ್ತಕ ವಾಪಸು ಕೊಟ್ಟು
ಕಲೆಯಾಗಿದೆ, ದಂಡ ಎಷ್ಟು ಅಂತ ಕೇಳಿದೆ.
ವಿನೀಟಾ ಕನ್ನಡಕ ಏರಿಸಿ ಪುಟ ತೆಗೆದಳು.
ಎರಡು ದಿನಕ್ಕೇ ಎರಡೂ ಒಂದೇ ಬಣ್ಣ.
ತುಂಬ ಹೊತ್ತು ನೋಡಿದಳು.
"ಇದು ಮೊದಲೇ ಇತ್ತಲ್ಲ," ಅಂದು
ಮುಚ್ಚಿ, ಕಪಾಟಿಗೆ ಹೋಗುವ ಗಾಡಿಯಲ್ಲಿಟ್ಟಳು.