ಹತ್ತಿಯೊಳಗೆ

ಗದಗಿನ ಜಿನ್ನಿಂಗ್ ಮಿಲ್ಲಿನ ಹಿಂದಿನ ಗೋದಾಮಿನಲ್ಲಿ
ಮಾರ್ಚಿನ ಬಿಸಿಲು ತಗಡು ಕಾಯಿಸುತ್ತಿದ್ದಾಗ
ನನ್ನನ್ನು ಹಿಮದಲ್ಲಿ ಹೂತರು.

ಹಿಮವೆಂದರೆ ಹತ್ತಿ. ಎರಡಾಳೆತ್ತರದ ರಾಶಿ.
ದಿಲ್‌ಶಾದ್ ನದಾಫ್ ಮೇಡಂ ಮಾಲೀಕರನ್ನು ಕಾಡಿ ಬೇಡಿ
ಒಂದು ಭಾನುವಾರದ ಮಟ್ಟಿಗೆ ಪಡೆದದ್ದು.
"ಮೇದಾಗ ಗುಡ್ಡಾ ಏರತೀರಿ. ಸಿಕ್ಕೊಂಡ ಮ್ಯಾಲೆ
ಕಲಿಯೂ ವಿದ್ಯಾ ಅಲ್ಲ ಇದು."
ನಮ್ಮಲ್ಲಿ ಒಬ್ಬರೂ ಹಿಮ ಕಂಡವರಲ್ಲ,
ಫ್ರಿಜ್ಜಿನ ಗೋಡೆಗೆ ಕಟ್ಟಿದ್ದನ್ನು ಬಿಟ್ಟರೆ.

ಮುಖದ ಮುಂದೆ ಕೈ, ಉಸಿರಿಗೊಂದು ಬೊಗಸೆ ಜಾಗ.
ಮೇಲು ಯಾವುದು, ಕೆಳಗು ಯಾವುದು ತಿಳಿಯದಿದ್ದರೆ ಉಗುಳು;
ಜೊಲ್ಲು ಇಳಿದ ಕಡೆ ನೆಲ.
ಹದಿನೈದು ನಿಮಿಷ ನಮ್ಮದು,
ಆಮೇಲಿನದು ಯಾರದೋ.

ಒಳಗೆ
ಕಾಳು ಬಿಡಿಸದ ಹತ್ತಿಯ ಹಸಿ ಎಣ್ಣೆ ವಾಸನೆ,
ಕೆನ್ನೆಗೆ ಒತ್ತುವ ಬೀಜ.
ಸದ್ದೆಲ್ಲ ಯಾರೋ ನುಂಗಿದ ಹಾಗೆ.
ನನ್ನ ಎದೆಬಡಿತ ಮಾತ್ರ, ಪಕ್ಕದ ಮನೆಯ ಒನಕೆ.

ಮೇಲೆ ಬಿದಿರುಗಳು ಚುಚ್ಚಿ ಹುಡುಕುತ್ತಿದ್ದವು.
ನೆಲಕ್ಕೆ ತಾಗಿದರೆ ಠಕ್ಕೆನ್ನುತ್ತದೆ,
ಮೈಗೆ ತಾಗಿದರೆ ಪುಟಿಯುತ್ತದೆ,
ಆ ಪುಟಿತ ಅಂಗೈಗೆ ಗುರುತಾಗಬೇಕು.
ಯಾರಿಗೂ ಆಗಲಿಲ್ಲ. ಬಸಯ್ಯ ನಗುತ್ತಿದ್ದನಂತೆ.
ಇಪ್ಪತ್ತೆರಡು ನಿಮಿಷ.
ಲೆಕ್ಕದಲ್ಲಿ ನಾನು ಸತ್ತು ಏಳು ನಿಮಿಷವಾಗಿತ್ತು.

ಚೀಲದ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ
ಹಮಾಲಿ ದ್ಯಾಮವ್ವ ಎದ್ದಳು.
"ನಿಂದರ್ರಿ. ತುಳೀಬ್ಯಾಡ್ರಿ, ಹತ್ತಿ ಕುಂದರತೈತಿ."
ಅಂಚು ಹಿಡಿದು, ಹಾಲಿನ ಪಾತ್ರೆ ಬಗ್ಗಿ ನೋಡುವಂತೆ ನೋಡುತ್ತ ಸುತ್ತು ಬಂದು
ಸಣ್ಣದೊಂದು ತಗ್ಗಿಗೆ ಬೆರಳು ತೋರಿದಳು.
"ಇಲ್ಲಿ."

ಎಳೆದು ತೆಗೆದಾಗ ಎಲ್ಲರೂ ಚಪ್ಪಾಳೆ ಹೊಡೆದರು.
ಅವಳು ಹೊಡೆಯಲಿಲ್ಲ.
"ನಮ್ಮ ಶಾಂತವ್ವನ ಹುಡುಗ ಹಿಂಗ ಜಾರಿ ಬಿದ್ದಿದ್ದ.
ಅವತ್ತ ನಾವೆಲ್ಲಾ ತುಳದ್ವಿ.
ಸಂಜಿತನಾ ತುಳದ್ವಿ."

ಸೀಟಿ ಮೇಡಂ ಕೊರಳಲ್ಲೇ ಇತ್ತು, ಊದಲಿಲ್ಲ.
ನನ್ನ ಕೂದಲಿಗೆ ಅಂಟಿದ ಹತ್ತಿಯನ್ನು
ಎಳೆ ಎಳೆಯಾಗಿ ಬಿಡಿಸತೊಡಗಿದರು,
ಅಜ್ಜ ಬಿಲ್ಲು ಹಿಡಿದು ಗಾದಿಗೆ ಅರಳೆ ಹಿಂಜುತ್ತಿದ್ದನೆಂದು
ಎಂದೋ ಹೇಳಿದ್ದರು.
ಆಮೇಲೆ ದ್ಯಾಮವ್ವನ ಎದುರು ನೆಲಕ್ಕೇ ಕೂತು ಕೇಳಿದರು:
"ತಗ್ಗು ಎಷ್ಟಿರತೈತಿ, ಅವ್ವಾ? ಇನ್ನೊಮ್ಮೆ ತೋರ್ಸು."

ಮೇ ತಿಂಗಳು ಹೋದೆವು. ಏನೂ ಜಾರಲಿಲ್ಲ.
ಬೆಳಗಿನ ಇಳಿಜಾರು ಬೆಳ್ಳಗೆ, ಸುಮ್ಮನೆ ಬಿದ್ದಿತ್ತು.
ಮೊದಲ ಹೆಜ್ಜೆಗೆ ಮುನ್ನ ಬಸಯ್ಯ ನಿಂತ,
ಅಂಚು ಹಿಡಿದು ದೂರದವರೆಗೆ ನೋಡಿದ.
"ತುಳೀಬ್ಯಾಡ್ರಿ," ಅಂದ ಮೆಲ್ಲಗೆ,
ಒಳಗೆ ಯಾರೋ ಮಲಗಿರುವರೆಂಬಂತೆ.