ಕತ್ತಲೆಯ ನಟ್ಟನಡುವೆ

ಗೋಡೆಯ ಮೇಲೆ ಮೂರು ಬಲ್ಬು.
ಒಟ್ಟಿಗೆ ಹೊತ್ತಿ, ಒಟ್ಟಿಗೆ ಕಂದಿ, ಮತ್ತೆ ಹೊತ್ತಿ,
ಮಲಗಿದ ಹಸುವಿನ ಪಕ್ಕೆ ಏರಿಳಿದ ಹಾಗೆ.
"ಉರಿದಾಗಲ್ಲ, ಮಾರ್ಯುನ್. ಆರಿದಾಗ," ಎಂದ ಹನುಸ್.
"ಆರಿದ್ದರ ನಟ್ಟನಡುವೆ."

ಫೆರೋ ದ್ವೀಪದ ಜನವರಿ. ಮೂರು ಗಂಟೆಗೇ ಸಂಜೆ.
ಪಕ್ಕದ ಕೋಣೆಯ ಡೀಸೆಲ್ ಯಂತ್ರ ಬೆಳಗಿನಿಂದ
ಇಡೀ ಊರನ್ನು ಒಂಟಿಯಾಗಿ ಹೊತ್ತು ಏದುಸಿರು ಬಿಡುತ್ತಿದೆ.
ಮೇಲಿನ ಸರೋವರದಲ್ಲಿ, ಜಾಲರಿಗೆ ಕಟ್ಟಿದ ಮಂಜುಗಡ್ಡೆಯನ್ನು
ಇಬ್ಬರೂ ಕೊಡಲಿಯಿಂದ ಒಡೆದು ಬಂದೆವು.
ಒಲೆಯ ಮೇಲೆ ಕೈಗವಸು ಇನ್ನೂ ಹಬೆಯಾಡುತ್ತಿದೆ.
ನೀರು ಕೊಳವೆಯಲ್ಲಿ ಇಳಿದು
ಚಕ್ರದ ಬಟ್ಟಲುಗಳಿಗೆ ಬಡಿಯುತ್ತಿದೆ.

ಹನ್ನೆರಡು ಧ್ರುವ, ನಿಮಿಷಕ್ಕೆ ಐನೂರು ಸುತ್ತು.
ಉತ್ತರ ಹಾದರೆ ತಾಮ್ರದಲ್ಲಿ ಒಂದು ತಳ್ಳು,
ದಕ್ಷಿಣ ಹಾದರೆ ಒಂದು ಸೆಳೆತ,
ಸೆಕೆಂಡಿಗೆ ಐವತ್ತು ಸಲ ಹೋಗಿ, ಐವತ್ತು ಸಲ ಮರಳಿ.
ಹೋದದ್ದೆಲ್ಲ ಹೋದಲ್ಲಿಂದಲೇ ವಾಪಸು.
ಎಲ್ಲಿಗೂ ತಲುಪದೆಯೇ
ಊರಿನ ಮೀನೆಲ್ಲ ಹೆಪ್ಪುಗಟ್ಟುತ್ತದೆ.

ಎರಡು ಯಂತ್ರ ಕೂಡಲು ವೋಲ್ಟೇಜು ಒಂದಾದರೆ ಸಾಲದು,
ವೇಗ ಒಂದಾದರೂ ಸಾಲದು;
ಅದರ ಅಲೆ ಏರುವ ಗಳಿಗೆಗೇ ಇದರದೂ ಏರಬೇಕು.
ನಡುವೆ ಎಷ್ಟು ಭಿನ್ನವೋ ಬಲ್ಬಿಗೆ ಅಷ್ಟು ಬೆಳಕು.
ದೀಪ ಆರುವುದು ಕೆಟ್ಟ ಶಕುನ ಎನ್ನುವವರು
ಈ ಗೋಡೆಯೆದುರು ನಿಂತವರಲ್ಲ.

ಕಿಟಕಿಯ ಹಲಗೆಯ ಮೇಲೊಂದು ಬೋಲ್ಟು, ಕತ್ತು ತುಂಡಾದದ್ದು.
ಇಪ್ಪತ್ತನಾಲ್ಕರ ಹನುಸ್ ಒಮ್ಮೆ ಅವಸರಪಟ್ಟು
ಬೆಳಕಿನಲ್ಲೇ ಕೂಡಿಸಿಬಿಟ್ಟನಂತೆ.
ಕಟ್ಟಡ ಸೀನಿತು. ಜೋಡಣೆ ಹರಿದು ಬೋಲ್ಟು
ತಗಡಿನ ಮಾಡು ತೂರಿ ಕುರಿಗಳ ನಡುವೆ ಬಿತ್ತು.
ಆ ತೂತಿನ ತೇಪೆಗೆ
ಇಂದಿಗೂ ಮಳೆಯಲ್ಲಿ ಬೇರೆ ದನಿ.

ನೀರಿನ ಸೂಜಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ.
ಎರಡು ಉಸಿರಿಗೊಮ್ಮೆ ಬೆಳಕು. ಐದು ಉಸಿರಿಗೊಮ್ಮೆ.
ಕಂದಿತು. ತಂತಿಯಲ್ಲಿ ಕಂಡೂ ಕಾಣದ ಕೆಂಪು.
ಅದೂ ಇಲ್ಲ.
ಒಂದು, ಎರಡು,
ಹಿಡಿ ಎಳೆದೆ.

ಏನೂ ಆಗಲಿಲ್ಲ.

"ಈಗ ನೀರು ಬಿಡು," ಎಂದ.
ಬಿಟ್ಟೆ. ಚಕ್ರ ಒಂದು ಸುತ್ತೂ ಹೆಚ್ಚು ತಿರುಗಲಿಲ್ಲ.
"ಇನ್ನು ಅದಕ್ಕೆ ಒಬ್ಬಂಟಿಯಾಗಿ ಓಡಲು ಬಾರದು.
ಹೊರಲು ಬರುತ್ತದೆ."
ಪಕ್ಕದ ಕೋಣೆಯಲ್ಲಿ ಏದುಸಿರು ಮೆಲ್ಲಗೆ ಇಳಿಯಿತು.

ಬಂದರಿನ ಮೀನು ಕಾರ್ಖಾನೆಯ ಮೋಟಾರುಗಳ ಕಥೆ ಬೇರೆ.
ಅಲ್ಲಿ ಕಾಂತಕ್ಷೇತ್ರ ಸಾವಿರದೈನೂರು ಸುತ್ತುತ್ತದೆ,
ಅದನ್ನಟ್ಟುವ ಒಳಗಿನ ಉರುಳೆ ಸಾವಿರದ ನಾನೂರ ನಲವತ್ತು.
ಹೊರೆ ಹೆಚ್ಚಿದರೆ ಇನ್ನಷ್ಟು ಹಿಂದೆ.
ಹಿಡಿದೇಬಿಟ್ಟರೆ ಬಲವೆಲ್ಲ ಸೊನ್ನೆ.
ಆ ಅರವತ್ತು ಸುತ್ತಿನ ಸೋಲಿನಿಂದಲೇ
ಎಲ್ಸ್ಪಾಳ ಗರಗಸ ಕಾಡ್ ಮೀನಿನ ತಲೆ ಕತ್ತರಿಸುವುದು.

ಅವಳಿಗೆ ಫೋನು ಮಾಡಿದೆ: ದೀಪ ಮಿಣುಕಿತೇ?
"ಯಾವಾಗ?" ಎಂದಳು.

ಹನುಸ್ ಬೋಲ್ಟನ್ನೆತ್ತಿಕೊಂಡು, ತೋಳಿಗೆ ಒರೆಸಿ,
ಮತ್ತೆ ಅಲ್ಲೇ ಇಟ್ಟ.