ಏಳನೇ ಟೇಕು

ಜ್ಯೂರಿಕ್ಕಿನಿಂದ ಬಂದವರು ಮೊದಲು
ಚೌಕದ ಎಟಿಎಮ್ಮಿಗೆ ಹಲಗೆ ಹೊಡೆದರು,
ಔಷಧಿ ಅಂಗಡಿಯ ಹಸಿರು ದೀಪ ಆರಿಸಿದರು.
ಆಮೇಲೆ ನಮ್ಮ ಮುದುಕರನ್ನು ಕೇಳಿಕೊಂಡು ಬಂದರು:
ತಲೆಗೆ ನೂರಿಪ್ಪತ್ತು ಫ್ರಾಂಕು, ಮಧ್ಯಾಹ್ನಕ್ಕೆ ಬಿಸಿ ಸಾಸೇಜು,
ಸ್ವಂತ ಕತ್ತಿ ಇದ್ದರೆ ಇನ್ನೂ ಇಪ್ಪತ್ತು.

ಬಾದಿಸ್ಟನ ಬಳಿ ಕತ್ತಿ ಇತ್ತು. ಅವನಪ್ಪನದು,
ಅದಕ್ಕೂ ಹಿಂದೆ ಅಜ್ಜನದು.
ನಮ್ಮ ಆಪೆನ್‌ಜೆಲ್ಲಿನಲ್ಲಿ ಗಂಡಸಿನ ಓಟಿಗೆ ಚೀಟಿ ಬೇಕಿರಲಿಲ್ಲ,
ಸೊಂಟದಲ್ಲಿ ಅದೊಂದು ತೂಗಿದರೆ ಸಾಕು.
ಏಪ್ರಿಲ್ಲಿನ ಕೊನೆಯ ಭಾನುವಾರ, ಬಯಲಲ್ಲಿ,
ಹೌದೆನ್ನುವವರು ಮೊದಲು ಕೈ ಎತ್ತುವುದು,
ಬೇಡವೆನ್ನುವವರು ಆಮೇಲೆ.
ಹೆಂಗಸರಿಗೂ ಓಟು ಕೊಡೋಣವೇ ಎಂದು ಕೇಳಿದಾಗಲೆಲ್ಲ
ಆಮೇಲಿನ ಕೈಗಳೇ ಕಾಡಾಗಿ ಎದ್ದವು.
ನಮ್ಮನ್ನು ಕೈಬಿಡಲು
ಅಷ್ಟೊಂದು ಕೈ ಎತ್ತಬೇಕಾಯಿತು ಅವರಿಗೆ.

ಅದರಲ್ಲೊಂದು ಇವನದು. ಗೊತ್ತಿತ್ತು.
ಕಸೂತಿ ಹಾಕುವವಳಿಗೆ ದೂರದ್ದು ಮಂಜು, ನಿಜ,
ಆದರೆ ನಾನೇ ಗುಂಡಿ ಹೊಲಿದ ತೋಳು
ಗೊತ್ತಾಗದೇ ಇರುತ್ತದೆಯೇ?
ಆ ಸಂಜೆ, ಬೇಡ ಅಂದ ಕೈಯಲ್ಲೇ
ಹೇಜಲ್‌ನಟ್ಟಿನ ಸಿಹಿ ತಂದ:
ಮನೆಯಲ್ಲುಳಿದ ಹೆಂಡತಿಗೆ ಸಭೆಯಿಂದ ಸಿಹಿ ತರುವುದು
ನಮ್ಮೂರ ಪದ್ಧತಿ.
ತಿಂದೆ. ಚೆನ್ನಾಗಿತ್ತು. ಅದನ್ನೂ ಹೇಳಿಬಿಡಬೇಕು.

ಕೊನೆಗೆ ಕೊಟ್ಟದ್ದು ಈ ಕೈಗಳಲ್ಲ, ದೂರದ ಕೋರ್ಟು.
ಮುಂದಿನ ಏಪ್ರಿಲ್ಲಿಗೆ ನಾನು ಚೀಟಿ ಹಿಡಿದು ಹೊರಟೆ,
ಇವನು ಕತ್ತಿ ಕಟ್ಟಿಕೊಂಡು.
ದಾರಿಯುದ್ದ ಆಲೂಗಡ್ಡೆ ನೆಡುವ ಮಾತಾಡಿದೆವು.

ನಿರ್ದೇಶಕಿ ನೋಯೆಮಿ, ಆ ತೀರ್ಪಿನ ವರ್ಷ ಹುಟ್ಟಿದ ಹುಡುಗಿ,
ನನ್ನನ್ನು ಔಷಧಿ ಅಂಗಡಿಯ ಮೇಲಿನ ಕಿಟಕಿಯಲ್ಲಿ ನಿಲ್ಲಿಸಿದಳು.
‘ಮುಖದಲ್ಲಿ ಸಂಕಟ ಇರಲಿ, ಅಜ್ಜಿ.’
ಅಂದು ಸಂಕಟ ಇರಲಿಲ್ಲ ಮಗಳೇ,
ಸೇಂಟ್ ಗಾಲೆನ್ನಿನ ವ್ಯಾಪಾರಿಗೆ ಎರಡು ಡಜನ್ ಕರವಸ್ತ್ರ ಬಾಕಿ ಇತ್ತು,
ಮೂಲೆಯ ಹೂವಿಗೆ ಎಷ್ಟು ಎಳೆ ಉಳಿಯಿತೆಂದು ಎಣಿಸುತ್ತಿದ್ದೆ.
‘ಹಾಗಾದರೆ ಅದನ್ನೇ ಎಣಿಸಿ’ ಅಂದಳು.
ಜಾಣೆ.

‘ಬೇಡ ಅನ್ನುವವರು!’
ಎದ್ದವು ಕೈಗಳು. ವಿಮಾನ ಹಾದುಹೋಯಿತು.
ಎರಡನೇ ಸಲ ಯಾರದೋ ಗಡಿಯಾರ ಮಿನುಗಿತು.
ಮೂರು, ನಾಲ್ಕು: ಸ್ಯಾಂಟಿಸ್ ಬೆಟ್ಟದಿಂದ ಮೋಡ.
ಐದಕ್ಕೆ ಒಬ್ಬ ನಕ್ಕ.
ಆರು ಚೆನ್ನಾಗಿಯೇ ಬಂತು,
ಆದರೂ ಇನ್ನೊಂದು ಇರಲಿ ಅಂದಳು.

ಏಳಕ್ಕೆ, ಮೂರನೇ ಸಾಲಿನಲ್ಲಿ,
ಅವನಪ್ಪ ನಿಲ್ಲುತ್ತಿದ್ದ ಜಾಗದಲ್ಲಿ
ಒಂದು ತೂತು.
ನಾನೂರು ಕೈಗಳ ನಡುವೆ, ಬಿಟ್ಟುಹೋದ ಹೊಲಿಗೆಯ ಹಾಗೆ,
ಬಾದಿಸ್ಟನ ಟೋಪಿ.

‘ಕಟ್! ಏನಾಯಿತು ಅಜ್ಜಾ?’
‘ಭುಜ’ ಅಂದ. ‘ಹಳೇ ನೋವು.’
ಯಾರೋ ಕುರ್ಚಿ ತಂದರು, ನೀರು ಕೊಟ್ಟರು.

ಆ ಭುಜಕ್ಕೆ ಹನ್ನೊಂದು ವರ್ಷದಿಂದ ಮುಲಾಮು ತಿಕ್ಕುವವಳು ನಾನು.
ನೋವಿರುವುದು ಎಡಗಡೆ.

ರಾತ್ರಿ ತಿಕ್ಕಿದೆ, ಎಡಕ್ಕೇ.
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಮೂವತ್ತು ವರ್ಷ ಕೇಳದೇ ಇದ್ದವಳು
ಒಂದು ಟೇಕಿಗೆ ಕೇಳುವುದೇ?

ಮರುವರ್ಷ ಸಿನಿಮಾ ಬಂತು, ಶಾಲೆಯ ಹಾಲಿಗೆ, ಮಡಚುವ ಕುರ್ಚಿಗಳಿಗೆ.
ಅವರು ಆರನೆಯದನ್ನೇ ಇಟ್ಟುಕೊಂಡಿದ್ದರು.
ಪರದೆಯ ಮೇಲೆ, ನಮ್ಮ ಮನೆಬಾಗಿಲಿನಷ್ಟು ದೊಡ್ಡದಾಗಿ,
ಅವನ ಬಲಗೈ,
ಉಗುರಿನ ಕಪ್ಪು, ತೋಳಿನ ಗುಂಡಿ ಸಮೇತ.
ಇನ್ನು ಇಳಿಯುವುದಿಲ್ಲ ಅದು, ನಾವು ಹೋದ ಮೇಲೂ.

ಪಕ್ಕದ ಕತ್ತಲಿಗೆ ತಿರುಗಿದೆ:
ಚಳಿ ಹಿಡಿದ ಹುಡುಗನಂತೆ ಅದೇ ಕೈಯನ್ನು
ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ.

ಚೀಲದಿಂದ ಪೊಟ್ಟಣ ತೆಗೆದೆ.
ಈ ಸಲ ಸಿಹಿ ಕೊಂಡವಳು ನಾನು.
ಕಾಗದ ಸದ್ದು ಮಾಡಿತು,
ಮುಂದಿನ ಸಾಲಿನವರು ತಿರುಗಿ ನೋಡಿದರು.
‘ತಗೋ’ ಅಂದೆ.
ತಿನ್ನಬೇಕಾದರೆ ಕೈ ಬೇಕಲ್ಲ.
ಸ್ವಲ್ಪ ಹೊತ್ತು ಬಿಟ್ಟು
ತೆಗೆದ.